ಇವಳು ಯಾರ ಪೈಕಿ?

ನಮ್ಮ ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ಕಣ್ಣು ಚುರುಕು, ಕಿವಿ ಅವರಿಗೆ ಬೇಕಾದಾಗ ಮಾತ್ರ ಚುರುಕು. ತಿಪಟೂರು ಸೀಮೆಯಲ್ಲಿ ತೆಂಗಿನ ತೋಟದ ನಡುವೆ ಮನೆ. ಹೋದ ದೀಪಾವಳಿಗೆ ಅಲ್ಲಿಗೆ ಹೋದಾಗ ಅವರದ್ದು ಒಂದೇ ಬೇಡಿಕೆ: 2004ರಲ್ಲಿ ಆದ ಮಗಳ ಮದುವೆಯ ಸಿಡಿಯನ್ನು ಫೋನಿಗೆ ಹಾಕಿಕೊಡಬೇಕು. ಅದರಲ್ಲಿ ದೊಡ್ಡಪ್ಪ ಇದ್ದಾರೆ. ಹನ್ನೊಂದನೇ ನಿಮಿಷಕ್ಕೆ ಸರಿಯಾಗಿ ಅಡುಗೆಭಟ್ಟರ ಜೊತೆ ಹೋಳಿಗೆ ಎಣಿಕೆಯ ವಿಷಯಕ್ಕೆ ಜಗಳಕ್ಕೆ ನಿಲ್ಲುತ್ತಾರೆ. ದೊಡ್ಡಪ್ಪ ಹೋಗಿ ಆರು ವರ್ಷವಾಯಿತು. ಅವರ ದನಿ ಅಂತ ಮನೆಯಲ್ಲಿ ಉಳಿದಿರುವುದು ಆ ಜಗಳ ಒಂದೇ.

ಆ ಕಾಲದ ಮದುವೆ ಸಿಡಿ ನಿಮಗೂ ಗೊತ್ತಿರುತ್ತದೆ. ಹೃದಯದಾಕಾರದ ಚೌಕಟ್ಟಿನೊಳಗೆ ಗಂಡು-ಹೆಣ್ಣು, ಮೇಲಿನಿಂದ ಒಂದೇ ಸಮ ಉದುರುವ ಗ್ರಾಫಿಕ್ಸ್ ಗುಲಾಬಿ, ಮಂತ್ರ ಕೇಳಿಸಬೇಕಾದ ಕಡೆ ಆ ವರ್ಷದ ಹಿಟ್ ಹಾಡು. ಅದನ್ನು ತೆರೆಯಲು ಮೊದಲು ಒಂದು ಹಳೇ ಲ್ಯಾಪ್‌ಟಾಪ್ ಹುಡುಕಬೇಕಾಯಿತು. ಈಗಿನವಕ್ಕೆ ಸಿಡಿ ನುಂಗುವ ಬಾಯೇ ಇಲ್ಲ. ಒಳಗೆ ‘ಎಂಪೆಗ್‌ಎವಿ’ ಅನ್ನುವ ಫೋಲ್ಡರು, ಅದರೊಳಗೆ ‘ಎವಿಸೆಕ್01.ಡ್ಯಾಟ್’ ಅನ್ನುವ ಫೈಲು. ಬಾಲದಲ್ಲಿರುವ ‘ಡ್ಯಾಟ್’ ಅಳಿಸಿ ‘ಎಂಪಿಜಿ’ ಅಂತ ಬರೆದರೆ ಸಾಕು, ಹೆಚ್ಚಿನ ಪ್ಲೇಯರುಗಳು ತಕರಾರಿಲ್ಲದೆ ಓಡಿಸುತ್ತವೆ. ಈ ಒಂದು ವಿದ್ಯೆಯಿಂದ ನಮ್ಮ ಕುಟುಂಬದಲ್ಲಿ ನಾನು ಇಪ್ಪತ್ತು ವರ್ಷ ಕಂಪ್ಯೂಟರ್ ಪಂಡಿತನಾಗಿ ಬಾಳಿದ್ದೇನೆ.

ಫೈಲನ್ನು ದೊಡ್ಡಮ್ಮನ ಫೋನಿಗೆ ಇಳಿಸಿ, ತಟ್ಟಿ, ಅವರ ಕೈಗೆ ಕೊಟ್ಟೆ. ಪರದೆ ಬೆಳಗಿತು. ರೇಷ್ಮೆ ಸೀರೆ, ಕಾಸಿನ ಸರ, ಸೊಂಟಕ್ಕೆ ಡಾಬು ತೊಟ್ಟ ಒಬ್ಬ ತರುಣಿ ಅರಮನೆಯಂಥ ಮನೆಯ ಮೆಟ್ಟಿಲಿಳಿದು ಬಂದಳು.

“ಇವಳು ಯಾರ ಪೈಕಿನೋ?” ಅಂದರು ದೊಡ್ಡಮ್ಮ. “ಗಂಡಿನ ಕಡೆಯೋಳಾ? ನಮ್ಮೋರಂತೂ ಅಲ್ಲ. ನಮ್ಮೋರಿಗೆ ಅಷ್ಟು ಒಡವೆ ಎಲ್ಲಿತ್ತು?”

“ಜಾಹೀರಾತು ದೊಡ್ಡಮ್ಮ. ಒಡವೆ ಅಂಗಡೀದು.”

“ಒಡವೆ ಅಂಗಡಿಯೋರನ್ನ ನಾವು ಮದುವೆಗೆ ಕರೆದಿರ್ಲಿಲ್ವಲ್ಲೋ.”

ಐದು ಸೆಕೆಂಡು ಕಾದು ಅವಳನ್ನು ದಾಟಿಸಿದೆ. ಹೃದಯ ಬಂತು, ಗುಲಾಬಿ ಉದುರಿತು. ವರಪೂಜೆ ಮುಗಿದು, ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಅಡುಗೆಮನೆ ಕಡೆ ತಿರುಗಿದ್ದೇ ತಡ, ಇನ್ನೊಬ್ಬ ಪ್ರತ್ಯಕ್ಷನಾದ. ಟೈ ಕಟ್ಟಿದ್ದ. ಐದೇ ನಿಮಿಷದಲ್ಲಿ ಸಾಲ, ದಾಖಲೆ ಬೇಡ, ಜಾಮೀನು ಬೇಡ ಅಂದ. ದೊಡ್ಡಮ್ಮ ನಿಟ್ಟುಸಿರು ಬಿಟ್ಟರು. “ಇವನು ಆಗ್ಲೇ ಬರಬಾರದಿತ್ತಾ. ಆ ಮದುವೆ ಸಾಲ ತೀರ್ಸೋಕೆ ನಿಮ್ಮ ದೊಡ್ಡಪ್ಪ ಎರಡು ವರ್ಷ ಕೊಬ್ಬರಿ ಮಾರಿದ್ರು.”

ಇವರನ್ನೆಲ್ಲ ಕರೆತಂದ ಆ ಪ್ಲೇಯರಿನ ಹೆಸರು ಬೇಡ. ಫೋನಿನ ಜೊತೆಯಲ್ಲೇ ಬಂದದ್ದು, ತೆಗೆದುಹಾಕಲು ಬರುವುದಿಲ್ಲ; ಮದುಮಗಳನ್ನು ಬಿಟ್ಟುಹೋಗಲು ಬಂದು ಅಲ್ಲೇ ಉಳಿದುಬಿಟ್ಟ ಸೋದರಮಾವನ ಹಾಗೆ. ಅದೂ ಈಗ ಬರೀ ಪ್ಲೇಯರ್ ಅಲ್ಲವಂತೆ. ತೆರೆದರೆ ಸಿನಿಮಾ, ಧಾರಾವಾಹಿ, ‘ನಿಮಗಾಗಿ’, ‘ಈ ವಾರದ ಟ್ರೆಂಡಿಂಗ್’. ದೊಡ್ಡಮ್ಮನ ಮಗಳ ಮದುವೆ ಟ್ರೆಂಡಿಂಗ್ ಆಗಿ ಇಪ್ಪತ್ತು ವರ್ಷ ದಾಟಿದ್ದರಿಂದ ಅದಕ್ಕೆ ಮೂಲೆಯಲ್ಲಿ ಒಂದು ಜಾಗ.

ಮೀಡಿಯಾ ಪ್ಲೇಯರ್ ಎನ್ನುವುದು ಒಂದು ಕಾಲಕ್ಕೆ ಒರಳುಕಲ್ಲಿನ ಜಾತಿಗೆ ಸೇರಿದ ವಸ್ತು. ನೀವು ಹಾಕಿದ್ದನ್ನು ಅದು ರುಬ್ಬಬೇಕು. ಉದ್ದು ಹಾಕಿದರೆ ಉದ್ದು, ಚಟ್ನಿ ಹಾಕಿದರೆ ಚಟ್ನಿ. ಉದ್ದು ರುಬ್ಬುವಾಗ ಒರಳುಕಲ್ಲು ತಲೆಯೆತ್ತಿ “ಪಕ್ಕದ ಅಂಗಡಿಯಲ್ಲಿ ಕಡಲೆಬೇಳೆ ಅಗ್ಗ” ಅಂದದ್ದನ್ನು ನಾನು ಕೇಳಿಲ್ಲ. “ನಿಮ್ಮ ಪಕ್ಕದ ಮನೆಯವರು ಈ ವಾರ ಮೂರು ಸಲ ರುಬ್ಬಿದರು, ನೀವು ಒಂದೇ ಸಲ” ಅಂತಲೂ ಅದು ಅನ್ನುತ್ತಿರಲಿಲ್ಲ. ಅದರ ದೊಡ್ಡ ಗುಣವೇ ದಡ್ಡತನ. ನಿಮ್ಮ ವಿಷಯ ಅದಕ್ಕೆ ಏನೇನೂ ಗೊತ್ತಿರಲಿಲ್ಲ.

ದಡ್ಡರಿಗೆ ಈ ಕಾಲದಲ್ಲಿ ಬೆಲೆ ಇಲ್ಲವಲ್ಲ. ಹೀಗಾಗಿ ಒಂದೊಂದೇ ಒರಳುಕಲ್ಲಿಗೆ ವಿದ್ಯೆ ಕಲಿಸಲಾಯಿತು. ಬಟನ್ನಿನ ಬಣ್ಣದಿಂದ ಹಿಡಿದು ಇಡೀ ಮೈಯ ಚರ್ಮವನ್ನೇ ಬದಲಿಸಿಕೊಳ್ಳಬಹುದಾಗಿದ್ದ ವಿನ್‌ಆಂಪ್ 1997ರಲ್ಲಿ ಹುಟ್ಟಿತು. 1999ರಲ್ಲೇ ಎಓಎಲ್ ಕಂಪನಿ ಅದನ್ನು ಕೊಂಡು, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಕೂತಿತು. ನಮ್ಮ ಸೈಬರ್ ಸೆಂಟರುಗಳ ಕಂಪ್ಯೂಟರುಗಳಲ್ಲಿ ಕಾಣುತ್ತಿದ್ದ ಕೆಎಂಪ್ಲೇಯರನ್ನು ಕೊರಿಯದ ವಿಡಿಯೊ ಕಂಪನಿ ಪಂಡೋರಾ ಟಿವಿ ಕೊಂಡಿತು. ಪಕ್ಕದಲ್ಲೇ ಜಾಹೀರಾತಿನ ಫಲಕ ಎದ್ದಿತು. ಇವೆಲ್ಲ ಹಳೇ ಸುದ್ದಿ, ಹೋಗಲಿ. ನಮ್ಮ ಮನೆಯದೇ ಕಥೆ ಒಂದಿದೆ: ಎಂಎಕ್ಸ್ ಪ್ಲೇಯರ್.

2011ರಲ್ಲಿ ಕೊರಿಯದ ಜೆ2 ಇಂಟರ್‌ಆ್ಯಕ್ಟಿವ್ ಎಂಬ ಪುಟ್ಟ ಸಂಸ್ಥೆ ಆಂಡ್ರಾಯ್ಡ್ ಫೋನುಗಳಿಗೆಂದು ಬಿಟ್ಟದ್ದು ಅದು. ಪರದೆಯ ಎಡಗಡೆ ಬೆರಳು ಮೇಲೆಳೆದರೆ ಬೆಳಕು, ಬಲಗಡೆ ಎಳೆದರೆ ಶಬ್ದ, ಅಡ್ಡ ಎಳೆದರೆ ಹೀರೊ ಹಾಡು ಬಿಟ್ಟು ನೇರ ಫೈಟಿಗೆ. ಮೇಲೆ ಮೂಲೆಯಲ್ಲಿ ‘ಎಚ್‌ಡಬ್ಲ್ಯು’, ‘ಎಚ್‌ಡಬ್ಲ್ಯು ಪ್ಲಸ್’, ‘ಎಸ್‌ಡಬ್ಲ್ಯು’ ಅನ್ನುವ ಅಕ್ಷರಗಳು. ಅರ್ಥ ಯಾರಿಗೂ ಗೊತ್ತಿರಲಿಲ್ಲ. ಒಂದರಲ್ಲಿ ಚಿತ್ರ ಬಾರದಿದ್ದರೆ ಇನ್ನೊಂದನ್ನು ಒತ್ತಬೇಕು ಎನ್ನುವುದು ಹಳ್ಳಿ ಹಳ್ಳಿಯ ಹುಡುಗರಿಗೂ ಗೊತ್ತಿತ್ತು.

ಆ ಕಾಲದ ವಿತರಣಾ ವ್ಯವಸ್ಥೆಯನ್ನೂ ನೆನೆಯಬೇಕು. ಬಸ್‌ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿ, ಗಾಜಿನ ಮೇಲೆ ‘ಇಲ್ಲಿ ಡೌನ್‌ಲೋಡಿಂಗ್ ಮಾಡಿಕೊಡಲಾಗುವುದು’ ಎಂಬ ಬರಹ. ಒಳಗೆ ಒಬ್ಬ ಹುಡುಗ. ಎರಡು ಜಿಬಿ ಮೆಮೊರಿ ಕಾರ್ಡು ಕೊಟ್ಟರೆ “ಹೊಸದಾ, ಅಣ್ಣಾವ್ರದಾ?” ಅಂತ ಒಂದೇ ಪ್ರಶ್ನೆ. ಕಾರ್ಡು ತುಂಬಿಸಿ ಕೊಡುತ್ತಿದ್ದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಆ ಹುಡುಗನೇ ಅಲ್ಗಾರಿದಂ. ನಿಮ್ಮ ಅಪ್ಪ ಯಾರು, ಯಾವ ಕಾಲೇಜು, ಯಾವ ಹೀರೊ ಅಭಿಮಾನಿ ಎಲ್ಲ ಅವನಿಗೆ ಗೊತ್ತು. ಆದರೆ ಆ ಮಾಹಿತಿಯನ್ನು ಅವನು ಯಾರಿಗೂ ಮಾರುತ್ತಿರಲಿಲ್ಲ, ಕೆಲವೊಮ್ಮೆ ನಿಮ್ಮ ಅಪ್ಪನಿಗೆ ಹೊರತು.

ಹಾಗೆ ತುಂಬಿದ ಸಿನಿಮಾಕ್ಕೆ ಒಂದೊಂದು ಸಲ ಚಿತ್ರ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ‘ಇಎಸಿ3’ ಎಂಬ ಧ್ವನಿ ರೂಪಕ್ಕೆ ಬೆಂಬಲವಿಲ್ಲ ಎಂದು ಎಂಎಕ್ಸ್ ವಿನಯದಿಂದ ತಿಳಿಸುತ್ತಿತ್ತು. ಅದು ಡಾಲ್ಬಿಯವರ ಸೊತ್ತು, ಲೈಸೆನ್ಸಿನ ದುಡ್ಡು ಕಟ್ಟಬೇಕು. ಪ್ಲೇಯರಿನವರು ಆ ಸೌಲಭ್ಯ ತೆಗೆದುಬಿಟ್ಟಿದ್ದರು. ಆಮೇಲೆ ಬೇರೆಲ್ಲಿಂದಲೋ ‘ಕಸ್ಟಮ್ ಕೊಡೆಕ್’ ಎಂಬ ಜಿಪ್ ಫೈಲು ತಂದು ಸೇರಿಸಿದರೆ ಮೂಕ ನಾಯಕನಿಗೆ ಬಾಯಿ ಬರುತ್ತಿತ್ತು. ಈ ಕೆಲಸ ಬಲ್ಲವನನ್ನು ಓಣಿಯಲ್ಲಿ ‘ಎಂಜಿನಿಯರ್’ ಎನ್ನುತ್ತಿದ್ದರು. ಇನ್ನೊಬ್ಬರ ಸಿನಿಮಾ, ಇನ್ನೊಬ್ಬರ ಕೊಡೆಕ್, ಕೊರಿಯದವರ ಪ್ಲೇಯರ್. ನಮ್ಮದು ಅಂತ ಇದ್ದದ್ದು ಮೆಮೊರಿ ಕಾರ್ಡು ಮಾತ್ರ. ಆದರೂ ಇಡೀ ವ್ಯವಸ್ಥೆ ನಮ್ಮದೇ ಅನ್ನುವ ಗತ್ತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು. ಡೇಟಾ ನೀರಿನ ಬೆಲೆಗೂ ಕೆಳಗಿಳಿಯಿತು. ಡೌನ್‌ಲೋಡಿಂಗ್ ಹುಡುಗ ಸ್ಕ್ರೀನ್‌ಗಾರ್ಡ್ ಅಂಟಿಸತೊಡಗಿದ. ಫೋನಿನೊಳಗೆ ಸಿನಿಮಾ ಇಟ್ಟುಕೊಳ್ಳುವವರೇ ಕಡಿಮೆಯಾದ ಮೇಲೆ ಪ್ಲೇಯರಿಗೇನು ಕೆಲಸ? ಈ ಪ್ರಶ್ನೆಗೆ ಉತ್ತರ 2018ರಲ್ಲಿ ಸಿಕ್ಕಿತು. ಟೈಮ್ಸ್ ಇಂಟರ್‌ನೆಟ್ ಸಂಸ್ಥೆ ಎಂಎಕ್ಸ್ ಪ್ಲೇಯರಿನ ಬಹುಪಾಲು ಷೇರು ಕೊಂಡಿತು. ಸುಮಾರು 1,000 ಕೋಟಿ ರೂಪಾಯಿ ಎಂದು ಪತ್ರಿಕೆಗಳು ಬರೆದವು. ಒರಳುಕಲ್ಲಿಗೆ ಸಾವಿರ ಕೋಟಿಯೇ ಎಂದು ನಾವು ಮೂಗಿನ ಮೇಲೆ ಬೆರಳಿಟ್ಟೆವು. ನಮಗೆ ವ್ಯಾಪಾರ ಗೊತ್ತಿಲ್ಲ. ಅವರು ಕೊಂಡದ್ದು ಒರಳುಕಲ್ಲನ್ನಲ್ಲ, ಅದರ ಸುತ್ತ ಕೂತಿದ್ದವರನ್ನು.

2019ರ ಫೆಬ್ರವರಿಯಲ್ಲಿ ಗೃಹಪ್ರವೇಶವಾಯಿತು. ರಾತ್ರಿ ಮಲಗುವಾಗ ಪ್ಲೇಯರ್ ಆಗಿದ್ದದ್ದು ಬೆಳಿಗ್ಗೆ ಎದ್ದಾಗ ಚಿತ್ರಮಂದಿರವಾಗಿತ್ತು. ಪೋಸ್ಟರುಗಳು, ಸರಣಿಗಳು, ಹಾಡು, ನಡುನಡುವೆ ಜಾಹೀರಾತು. ನೋಡುವವರಿಗೆ ಎಲ್ಲ ಪುಕ್ಕಟೆ. ನೀವು ಕಷ್ಟಪಟ್ಟು ತುಂಬಿಸಿಟ್ಟುಕೊಂಡಿದ್ದ ವಿಡಿಯೊಗಳು ಎಲ್ಲಿ ಹೋದವು? ಅವಕ್ಕೂ ಒಂದು ಕೋಣೆ ಕೊಟ್ಟಿದ್ದರು. ಕೋಣೆಯ ಹೆಸರು ‘ಲೋಕಲ್’.

ಪಾರಿಭಾಷಿಕವಾಗಿ ಸರಿಯೇ ಇರಬಹುದು. ಫೋನಿನಲ್ಲೇ ಇರುವ ಫೈಲಿಗೆ ತಂತ್ರಜ್ಞರು ಲೋಕಲ್ ಅನ್ನುತ್ತಾರೆ. ಆದರೆ ಬೆಂಗಳೂರಿನಲ್ಲಿ “ಅವ್ನು ಬಿಡು ಗುರೂ, ಲೋಕಲ್ಲು” ಅಂದರೆ ಏನರ್ಥ ಎಂದು ಆ ಬಟನ್ ಹೆಸರಿಸಿದವರಿಗೆ ಯಾರಾದರೂ ಹೇಳಬೇಕಿತ್ತು. ನಿಮ್ಮ ಮಗುವಿನ ಮೊದಲ ಹೆಜ್ಜೆ ಲೋಕಲ್ಲು. ಊರ ಜಾತ್ರೆಯ ರಥ ಲೋಕಲ್ಲು. ಅಡುಗೆಭಟ್ಟರ ಮೇಲೆ ಎಗರಿದ ದೊಡ್ಡಪ್ಪ ಲೋಕಲ್ಲಿನಲ್ಲೂ ಲೋಕಲ್ಲು. ಸರಕು ಅಂದರೆ ಮುಂಬೈಯಿಂದ ಬರಬೇಕು.

ಬಂತು ಕೂಡ. 2020ರ ಆಗಸ್ಟ್‌ನಲ್ಲಿ ಪ್ರಕಾಶ್ ಝಾ ನಿರ್ದೇಶನದ ‘ಆಶ್ರಮ್’, ಬಾಬಾ ವೇಷದಲ್ಲಿ ಬಾಬಿ ಡಿಯೋಲ್. ಜನ ಮುಗಿಬಿದ್ದು ನೋಡಿದರು. ಭಕ್ತರನ್ನು ಉಚಿತವಾಗಿ ಒಳಗೆ ಬಿಟ್ಟುಕೊಂಡು ಆಮೇಲೆ ಅವರ ಮೇಲೇ ವ್ಯಾಪಾರ ಕಟ್ಟುವ ಗುರುವಿನ ಕಥೆಯನ್ನು ಉಚಿತ ಆ್ಯಪಿನಲ್ಲೇ ತೋರಿಸಿದ ಧೈರ್ಯ ಮೆಚ್ಚಬೇಕಾದ್ದು. ಅದೇ ವರ್ಷ ಜೂನ್ ಕೊನೆಯಲ್ಲಿ ಸರ್ಕಾರ ಟಿಕ್‌ಟಾಕ್ ಸೇರಿ 59 ಚೀನಾ ಆ್ಯಪುಗಳನ್ನು ನಿಷೇಧಿಸಿತು; ಜುಲೈಯಲ್ಲೇ ಟಿಕ್‌ಟಾಕ್ ಜಾಗಕ್ಕೆ ‘ಎಂಎಕ್ಸ್ ಟಕಾಟಕ್’ ಹಾಜರ್. ದೇಶಭಕ್ತಿ ಉಕ್ಕಿ ಹರಿಯುತ್ತಿದ್ದ ದಿನಗಳವು. ಹಿಂದಿನ ಅಕ್ಟೋಬರ್‌ನಲ್ಲಿ ಎಂಎಕ್ಸ್‌ಗೆ 11 ಕೋಟಿ ಡಾಲರ್ ಹರಿಸಿದ ಹೂಡಿಕೆಯ ಮುಂದಾಳು ಚೀನಾದ ಟೆನ್ಸೆಂಟ್ ಎನ್ನುವುದು ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ. 2022ರಲ್ಲಿ ಟಕಾಟಕ್ ಶೇರ್‌ಚಾಟ್‌ನ ‘ಮೋಜ್’ ಜೊತೆ ಸೇರಿಹೋಯಿತು. 2024ರಲ್ಲಿ ಅಮೆಜಾನ್ ಬಂದು ಎಂಎಕ್ಸ್ ಪ್ಲೇಯರನ್ನೇ ತನ್ನ ಮಿನಿಟಿವಿಯೊಂದಿಗೆ ಬೆಸೆದು ‘ಅಮೆಜಾನ್ ಎಂಎಕ್ಸ್ ಪ್ಲೇಯರ್’ ಎಂದು ಹೆಸರಿಟ್ಟಿತು. ಕೊರಿಯದಲ್ಲಿ ಹುಟ್ಟಿ, ದೆಹಲಿಯವರಿಗೆ ದತ್ತು ಹೋಗಿ, ಚೀನಾದ ಹಾಲು ಕುಡಿದು, ಅಮೆರಿಕಕ್ಕೆ ಸೊಸೆಯಾದ ಒರಳುಕಲ್ಲು. ಇಷ್ಟು ತಿರುಗಾಡಿದ ಮೇಲೆ ನಮ್ಮನ್ನು ಲೋಕಲ್ ಅನ್ನುವುದು ಸಹಜವೇ.

ಜಾಹೀರಾತಿನ ಮೇಲೆ ನನಗೆ ದ್ವೇಷವಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಟೆಂಟ್ ಸಿನಿಮಾದಲ್ಲಿ ಗಾಜಿನ ಸ್ಲೈಡಿನ ಮೇಲೆ ಊರ ಬಟ್ಟೆ ಅಂಗಡಿಯ ಹೆಸರು ಓದಿಯೇ ಅಕ್ಷರ ಕಲಿತವನು ನಾನು. ದೂರದರ್ಶನದ ಭಾನುವಾರದ ಸಿನಿಮಾ ನಡುವೆ ಸೋಪಿನ ಪುಡಿ ಬಂದರೆ ಎದ್ದು ನೀರು ಕುಡಿದು ಬರುತ್ತಿದ್ದೆವು. ಅವರ ಸಿನಿಮಾ, ಅವರ ಖರ್ಚು, ಅವರ ಸೋಪು. ಎಂಎಕ್ಸ್ ಕೊರಿಯದವರ ಕೈಯಲ್ಲಿದ್ದಾಗಲೂ ಉಚಿತ ಆವೃತ್ತಿಯಲ್ಲಿ ಸಣ್ಣ ಜಾಹೀರಾತು ಇತ್ತು. ಬೇಡದವರು ದುಡ್ಡು ಕೊಟ್ಟು ‘ಪ್ರೊ’ ತೆಗೆದುಕೊಳ್ಳಬಹುದಿತ್ತು. ತಿಂಗಳಿಗೆ ನೂರು ರೂಪಾಯಿ ಕಟ್ಟಲಾಗದ ಮನೆಗೆ ‘ಆಶ್ರಮ್’ ಪುಕ್ಕಟೆ ಸಿಕ್ಕಿತು ಅಂದರೆ ಅದು ಒಳ್ಳೆಯದೇ. ನನ್ನ ತಕರಾರು ಇಷ್ಟೇ: ಅವರ ಆಶ್ರಮದಲ್ಲಿ ಅವರು ಹುಂಡಿ ಇಡಲಿ, ನಮ್ಮ ದೇವರಮನೆಯಲ್ಲಿ ಹುಂಡಿ ಇಡಲು ಇವರು ಯಾರು? ಮದುವೆ ನಮ್ಮದು, ಕ್ಯಾಮೆರಾದವನಿಗೆ ದುಡ್ಡು ಕೊಟ್ಟದ್ದು ದೊಡ್ಡಪ್ಪ, ಫೋನು ದೊಡ್ಡಮ್ಮನದು, ಕರೆಂಟು ನಮ್ಮದು. ನಡುವೆ ಕಾಸಿನ ಸರದವಳಿಗೆ ಯಾವ ಲೆಕ್ಕದಲ್ಲಿ ಎಲೆ ಹಾಕಬೇಕು?

ಇಂಥ ಸೇವೆಗಳಿಗೆ ಉದ್ಯಮದವರು ಇಟ್ಟ ಹೆಸರು ‘ಫಾಸ್ಟ್’. ಮೊದಲ ಸಲ ಕೇಳಿದಾಗ ಉಪವಾಸ ಅಂದುಕೊಂಡೆ, ಆಮೇಲೆ ವೇಗ ಅಂದುಕೊಂಡೆ. ಎರಡೂ ಅಲ್ಲವಂತೆ; ಜಾಹೀರಾತು ಹೊತ್ತು ಬರುವ ಉಚಿತ ಟಿವಿ ಎಂಬುದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಂತೆ. ಅದರ ಒಳಗಿನ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ದೊಡ್ಡಮ್ಮನಿಗೆ ವಿವರಿಸಲು ಹೋಗಿ ಸಿಕ್ಕಿಬಿದ್ದೆ.

“ನೋಡಿ ದೊಡ್ಡಮ್ಮ, ನೀವು ವಿಡಿಯೊ ಒತ್ತಿದ ತಕ್ಷಣ ಒಂದು ಹರಾಜು ನಡೆಯುತ್ತೆ. ಈ ಫೋನು, ಈ ಊರು, ಇಷ್ಟು ಹೊತ್ತು, ಇಂಥ ಮನೆಯೋರು ಅಂತ ಕೂಗ್ತಾರೆ. ಒಡವೆ ಅಂಗಡಿಯೋನು ಒಂದು ರೇಟು, ಸಾಲದೋನು ಒಂದು ರೇಟು. ಜಾಸ್ತಿ ಕೂಗಿದೋನ ಜಾಹೀರಾತು ಬರುತ್ತೆ. ಎಲ್ಲಾ ಕಣ್ಣು ಮಿಟುಕಿಸೋದ್ರೊಳಗೆ.”

“ತಿಪಟೂರು ಎಪಿಎಂಸೀಲಿ ಕೊಬ್ಬರಿ ಟೆಂಡರ್ ಆದಂಗೆ?”

“ಹ್ಞೂಂ, ಹಂಗೇ.”

“ಕೊಬ್ಬರಿ ಯಾರದು?”

“ನಿಮ್ಮದು. ಅಂದ್ರೆ ನಿಮ್ಮ ಕಣ್ಣು.”

“ದುಡ್ಡು ಯಾರಿಗೆ?”

ಇಲ್ಲಿ ನನ್ನ ಪಾಂಡಿತ್ಯ ನಿಂತುಹೋಯಿತು. ಕೊಬ್ಬರಿ ಬೆಲೆ ನೆಲ ಕಚ್ಚಿದ ವರ್ಷವೂ ದೊಡ್ಡಪ್ಪನಿಗೆ ಕ್ವಿಂಟಾಲಿಗೆ ಎಷ್ಟು ಅಂತ ಹೇಳುತ್ತಿದ್ದರು. ಬೇಡ ಅನ್ನಿಸಿದರೆ ಮೂಟೆ ವಾಪಸ್ ಹೇರಿಕೊಂಡು ಬರಬಹುದಿತ್ತು. ದೊಡ್ಡಮ್ಮನ ಕಣ್ಣಿನ ದರ ಸಾವಿರ ನೋಟಕ್ಕೆ ಇಷ್ಟು ಅಂತ ನಿಗದಿಯಾಗುತ್ತದೆ, ದೊಡ್ಡಮ್ಮನಿಗೆ ಹೇಳುವುದಿಲ್ಲ. ಮಾಲಿನ ಯಜಮಾನನಿಗೇ ದರ ಗೊತ್ತಿಲ್ಲದ ಹರಾಜು ಯಾವ ಎಪಿಎಂಸಿಯಲ್ಲೂ ನಡೆಯಲಾರದು. ರೈತರು ರಸ್ತೆ ತಡೆ ಮಾಡುತ್ತಾರೆ.

ನಾವು ರಸ್ತೆ ತಡೆ ಮಾಡಲಿಲ್ಲ. ನಾವು ಒಂದು ಸ್ಟಾರ್ ಕೊಟ್ಟೆವು. ಬಳಕೆದಾರನ ಕ್ರಾಂತಿ ಅಂದರೆ ಅಷ್ಟೇ: ‘ವರ್ಸ್ಟ್ ಆ್ಯಪ್, ಮೊದಲು ಚೆನ್ನಾಗಿತ್ತು’ ಎಂದು ಬರೆದು, ಸಿಟ್ಟಿನಿಂದ ಫೋನು ಪಕ್ಕಕ್ಕಿಟ್ಟು, ಹತ್ತು ನಿಮಿಷ ಬಿಟ್ಟು ಅದೇ ಆ್ಯಪಿನಲ್ಲಿ ಮುಂದಿನ ಸಂಚಿಕೆ ನೋಡುವುದು. ಇನ್ನು ಕೆಲವರು ಹಳೇ ವರ್ಷನ್‌ಗಳ ಉಪಾಸಕರು. ಯಾವುದೋ ವರ್ಷದ ಎಪಿಕೆ ಫೈಲನ್ನು ಮಿಡಿ ಉಪ್ಪಿನಕಾಯಿಯ ಹಾಗೆ ಜೋಪಾನ ಮಾಡಿ, ಫೋನು ಬದಲಾಯಿಸಿದಾಗೆಲ್ಲ ಅದನ್ನೇ ಹಾಕಿಕೊಂಡು, ಅಪ್‌ಡೇಟ್ ಎಂಬ ಪದ ಕೇಳಿದರೆ ಬೆಚ್ಚಿಬೀಳುತ್ತಾರೆ. ಭದ್ರತೆಯ ತೂತುಗಳೂ ಹಳೆಯವೇ, ಹಾಗೆಯೇ ಭದ್ರವಾಗಿರುತ್ತವೆ.

ನನಗೆ ಬಹಳ ಇಷ್ಟವಾದ ಕ್ರಾಂತಿಕಾರಿ ನನ್ನ ಒಬ್ಬ ಸಹೋದ್ಯೋಗಿ. ಅವನ ಬಳಿ ಎರಡು ಟೆರಾಬೈಟ್ ಹಾರ್ಡ್‌ಡಿಸ್ಕ್ ತುಂಬ ಸಿನಿಮಾ. ಒಂದಕ್ಕೂ ಟಿಕೆಟ್ ಕೊಂಡವನಲ್ಲ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಶುಕ್ರವಾರವಷ್ಟೇ ತೆರೆಕಂಡ ಚಿತ್ರವನ್ನು ಸೋಮವಾರ ಫೋನಿನಲ್ಲಿ ತೆರೆದ. ಮೊದಲಿಗೆ ಪ್ಲೇಯರಿನ ಜಾಹೀರಾತು. ಅವನ ಮುಖ ಕೆಂಪಾಯಿತು. “ಇದು ಹಗಲುದರೋಡೆ ಗುರೂ! ಕೇಳೋರಿಲ್ವಾ ಇವರನ್ನ?” ಅಂದ. ಜಾಹೀರಾತು ಮುಗಿದು ಸಿನಿಮಾ ಶುರುವಾಯಿತು. ಚಿತ್ರಮಂದಿರದಲ್ಲಿ ಕೂತು ಕದ್ದು ಹಿಡಿದ ಪ್ರತಿ. ನಾಯಕಿ ಅಳುವಾಗ ಯಾರದೋ ತಲೆ ಎದ್ದು ಪಾಪ್‌ಕಾರ್ನ್ ತರಲು ಹೋಯಿತು. ಮೇಲ್ತುದಿಯಲ್ಲಿ ಯಾವುದೋ ಬೆಟ್ಟಿಂಗ್ ಜಾಲತಾಣದ ಹೆಸರು, ಮೂರು ಗಂಟೆಯೂ ಅಲ್ಲೇ ಅಚ್ಚೊತ್ತಿ ನಿಂತಿತ್ತು. ಅದರ ಬಗ್ಗೆ ಅವನ ತಕರಾರಿರಲಿಲ್ಲ. ಕಳ್ಳರ ಜಾಹೀರಾತು ಸಹ್ಯ, ಕಂಪನಿಯವರದು ಅಸಹ್ಯ.

ನಗಬೇಡಿ, ನಾನೂ ಅದೇ ಸಾಲಿನವನು. ಒಂದೇ ಸಲ ಕೊಟ್ಟು ಮುಗಿಸಬಹುದಾಗಿದ್ದ ‘ಪ್ರೊ’ ದುಡ್ಡನ್ನು ನಾನು ಕೊಡಲಿಲ್ಲ. ಎಂಟು ಸಾವಿರದ ಫೋನು ಕೊಂಡು, ಅದಕ್ಕೆ ಮುನ್ನೂರರ ಕವರು ಹಾಕಿಸಿ, ಪ್ಲೇಯರಿಗೆ ದುಡ್ಡು ಅಂದಾಗ “ಸಾಫ್ಟ್‌ವೇರಿಗೂ ದುಡ್ಡಾ?” ಅಂದವನು. ಪ್ಲೇಯರ್ ಬರೆದವನ ಮನೆಯಲ್ಲೂ ಅಕ್ಕಿ ತರಬೇಕು ಎನ್ನುವುದು ನನಗೆ ಹೊಳೆದದ್ದು ಅವನು ನನ್ನನ್ನೇ ಮಾರಿ ಅಕ್ಕಿ ತಂದ ಮೇಲೆ.

ಹಾಗಂತ ದುಡ್ಡು ಕೊಟ್ಟವರು ಪಾರಾದರು ಅಂತಲೂ ಇಲ್ಲ. ಪ್ರೈಮ್ ವಿಡಿಯೊದವರು 2025ರ ಜೂನ್‌ನಿಂದ ಭಾರತದಲ್ಲಿ ಚಂದಾ ಕಟ್ಟಿದವರಿಗೂ ಜಾಹೀರಾತು ತೋರಿಸತೊಡಗಿದರು. ಬೇಡವಾದರೆ ಮೇಲೆ ವರ್ಷಕ್ಕೆ 699 ರೂಪಾಯಿ. ಊಟಕ್ಕೊಂದು ದರ, ಊಟದಲ್ಲಿ ಕಲ್ಲಿಲ್ಲದಿರಲು ಇನ್ನೊಂದು ದರ.

ಹೊರದೇಶದಲ್ಲಿ ಈ ಕಾಯಿಲೆಗೆ ಪ್ಲೆಕ್ಸ್ ಎಂದು ಹೆಸರು. ನಿಮ್ಮ ಮನೆಯ ಕಂಪ್ಯೂಟರಿನಲ್ಲಿರುವ ನಿಮ್ಮದೇ ಸಿನಿಮಾ ಸಂಗ್ರಹವನ್ನು ಅಂದವಾಗಿ ಜೋಡಿಸಿ ಟಿವಿಗೆ ಕಳಿಸುವುದು ಅದರ ಕಸುಬು. 2019ರ ಡಿಸೆಂಬರ್‌ನಲ್ಲಿ ಅವರೂ ಜಾಹೀರಾತು ಸಹಿತ ಉಚಿತ ಸಿನಿಮಾ ಅಂಗಡಿ ತೆರೆದರು. ಹಳಬರು “ನಮಗೆ ಕಪಾಟು ಬೇಕಿತ್ತು, ಸಂತೆಯಲ್ಲ” ಎಂದು ಗೊಣಗಿದರು. 2023ರ ನವೆಂಬರ್‌ನಲ್ಲಿ ಪ್ಲೆಕ್ಸ್ ಇನ್ನೊಂದು ಉಪಕಾರ ಮಾಡಿತು: ಈ ವಾರ ನೀವು ಏನೇನು ನೋಡಿದಿರಿ ಎಂದು ನಿಮ್ಮ ಗೆಳೆಯರಿಗೆಲ್ಲ ಮೇಲ್ ಕಳಿಸತೊಡಗಿತು. ಜನ ಒಬ್ಬರೇ ಕೂತು ಬಾಗಿಲು ಹಾಕಿಕೊಂಡು ನೋಡುವಂಥದ್ದು ಏನಿರುತ್ತದೆ ಎನ್ನುವುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಆ ವಾರದ ವರದಿ ಅತ್ತೆ, ಮಾವ, ಮೇಲಧಿಕಾರಿಗಳ ಇನ್‌ಬಾಕ್ಸಿಗೂ ತಲುಪಬಹುದಾಗಿತ್ತು. ಊರ ಕಟ್ಟೆಯ ಮೇಲಿನ ಹರಟೆಮಲ್ಲರೂ ಇಷ್ಟು ಶಿಸ್ತಿನಿಂದ ವಾರಕ್ಕೊಮ್ಮೆ ಚಾಡಿ ಹೇಳುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಅವರ ಆಜೀವ ಚಂದಾ 120 ಡಾಲರಿನಿಂದ 250ಕ್ಕೆ ಹಾರಿತು. ನಿಮ್ಮ ಸಿನಿಮಾವನ್ನು ನಿಮ್ಮ ಮನೆಯಿಂದ ಹೊರಗೆ ಕೂತು ನೋಡಲಿಕ್ಕೂ ಈಗ ಶುಲ್ಕ.

ಕೊನೆಗೆ ಉಳಿಯುವುದು ಕಿತ್ತಳೆ ಬಣ್ಣದ ಶಂಕು: ವಿಎಲ್‌ಸಿ. 1996ರಲ್ಲಿ ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ಶುರು ಮಾಡಿದ್ದು. ರಸ್ತೆಯಿಂದ ಎತ್ತಿತಂದು ಕೂಡಿಟ್ಟ ಶಂಕುಗಳೇ ಅದರ ಲಾಂಛನವಾದವು. 2001ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಕ್ರಿಸ್ಮಸ್ ಬಂದರೆ ಶಂಕು ಕೆಂಪು ಟೋಪಿ ಹಾಕಿಕೊಳ್ಳುತ್ತದೆ; ಇಷ್ಟು ವರ್ಷದಲ್ಲಿ ಅದು ಮಾಡಿದ ಆಡಂಬರ ಅಷ್ಟೇ. ಜಾಹೀರಾತು ತುರುಕಲು ಕೋಟ್ಯಂತರ ಯೂರೊ ಕೊಡುತ್ತೇವೆಂದು ಬಂದವರನ್ನು ಅದರ ಮುಖ್ಯಸ್ಥ ಜಾನ್-ಬಾಪ್ಟಿಸ್ಟ್ ಕೆಂಪ್ ವಾಪಸ್ ಕಳಿಸಿದರು. 2025ರ ಹೊತ್ತಿಗೆ 600 ಕೋಟಿ ಡೌನ್‌ಲೋಡ್.

ಇಷ್ಟು ಸಭ್ಯ ತಂತ್ರಾಂಶಕ್ಕೆ ಭಾರತ ಮಾಡಿದ ಸನ್ಮಾನ ಏನು ಗೊತ್ತೆ? 2022ರ ಫೆಬ್ರವರಿಯಿಂದ ಅದರ ಜಾಲತಾಣ ಈ ದೇಶದಲ್ಲಿ ತೆರೆಯದಂತಾಯಿತು. ಏಕೆ ಎಂದು ಅವರಿಗೂ ಹೇಳಲಿಲ್ಲ, ನಮಗೂ ಹೇಳಲಿಲ್ಲ. ಅಕ್ಟೋಬರ್‌ನಲ್ಲಿ ಇಂಟರ್‌ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಅವರು ಸರ್ಕಾರಕ್ಕೆ ನೋಟಿಸ್ ಕಳಿಸಿದರು, ನವೆಂಬರ್‌ನಲ್ಲಿ ತಡೆ ತೆರವಾಯಿತು. ಸಾಲದ ಆ್ಯಪು, ಜೂಜಿನ ಆ್ಯಪುಗಳೆಲ್ಲ ತಲೆಯೆತ್ತಿ ತಿರುಗಾಡುತ್ತಿದ್ದ ಆ ದಿನಗಳಲ್ಲಿ ನಮ್ಮ ವ್ಯವಸ್ಥೆಯ ಕಣ್ಣಿಗೆ ಬಿದ್ದದ್ದು ಏನನ್ನೂ ಮಾರದ ಒಂದು ಪ್ಲೇಯರ್. ಏನನ್ನೂ ಮಾರದವನ ಮೇಲೆ ಅನುಮಾನ ಬರುವುದು ನ್ಯಾಯವೇ.

ಆ ಶಂಕುವಿಗೂ ಖರ್ಚಿದೆ. 2021ರಲ್ಲಿ, ಅದು ಮುಕ್ತವಾಗಿ ಇಪ್ಪತ್ತು ವರ್ಷ ತುಂಬಿದ ಹೊತ್ತಿಗೆ, ಜಾಹೀರಾತಿನೊಡನೆ ಉಚಿತ ಸಿನಿಮಾ ತೋರಿಸುವ ದಾರಿಯನ್ನು ಅವರೂ ನೋಡುತ್ತಿದ್ದಾರೆ ಎಂಬ ಸುದ್ದಿ ಬಂತು. ಭಕ್ತರ ಎದೆ ಒಡೆಯಿತು. ಇಪ್ಪತ್ತು ವರ್ಷ ಬಿಡಿಗಾಸು ಕೊಡದೆ ಬಳಸಿದವರು “ನಂಬಿಕೆದ್ರೋಹ” ಎಂದರು. ಅವರ ಜಾಲತಾಣದಲ್ಲಿ ದೇಣಿಗೆ ಬಟನ್ ಇದೆ. ಅದು ಎಲ್ಲರ ಕಣ್ಣಿಗೂ ಕಾಣುತ್ತದೆ, ಒತ್ತಲು ಮಾತ್ರ ಬೆರಳಿಗೆ ಶಕ್ತಿ ಸಾಲುವುದಿಲ್ಲ. ಆ ಮಾತು ಬಂದು ವರ್ಷಗಳಾದವು. ಶಂಕುವಿನ ಕೆಳಗೆ ಇವತ್ತಿಗೂ ಜಾಹೀರಾತು ಬಂದಿಲ್ಲ.

ದೊಡ್ಡಮ್ಮನ ಫೋನಿಗೂ ಅದನ್ನೇ ಹಾಕಿಕೊಟ್ಟು ಬಂದೆ. ದೇಣಿಗೆಯನ್ನೂ ಕೊಟ್ಟೆ ಎಂದು ಬರೆಯಲು ಕೈ ಬರುತ್ತಿಲ್ಲ. ಈ ಅಂಕಣದ ಸಂಭಾವನೆ ಬಂದ ಮೇಲೆ ನೋಡೋಣ. ವಾರ ಕಳೆದು ದೊಡ್ಡಮ್ಮ ಫೋನ್ ಮಾಡಿದರು. ಎಲ್ಲ ಚೆನ್ನಾಗಿ ಕಾಣುತ್ತದಂತೆ, ದಿನಾ ಒಂದು ಸಲ ಮದುವೆ ಮುಗಿಸಿಯೇ ಮಲಗುತ್ತಾರಂತೆ.

“ಒಂದೇ ಬೇಜಾರು ಕಣೋ,” ಅಂದರು. “ಆ ಕಾಸಿನ ಸರದ ಹುಡುಗಿ ಈಗ ಬರ್ತಾನೇ ಇಲ್ಲ. ಗಂಡಿನ ಕಡೆಯೋರಿಗೆ ಏನಾದ್ರೂ ಬೇಜಾರಾಯ್ತಾ?”

ಅಂದಹಾಗೆ, ಹನ್ನೊಂದನೇ ನಿಮಿಷದ ಜಗಳವನ್ನು ಈಗ ಯಾರ ಅಡ್ಡಿಯೂ ಇಲ್ಲದೆ ಪೂರ್ತಿ ಕೇಳಿದೆ. ದೊಡ್ಡಪ್ಪನ ಲೆಕ್ಕವೇ ಸರಿ. ನಲವತ್ತು ಹೋಳಿಗೆ ಕಮ್ಮಿ ಬಿದ್ದಿತ್ತು.